ಅವರೆ ಬಳ್ಳಿ ಬೇಲಿ ಮುಚ್ಚೋಷ್ಟು ಹಬ್ಬತ್ತೆ, ಹೂವು ಮಾತ್ರ ಬಿಡಲ್ಲ, ಯಾಕೆ? (ಟೊರಾಂಟೊ ಕಡೆ)

ಹಿತ್ಲು_ಮಿಸ್ಸಿಸಾಗ:

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಪೋಸ್ಟು, ಬೇಜಾರು ಮಾಡ್ಕೋಬೇಡಿ. ನಾವಿರೋದು ಟೊರಾಂಟೊ ಪಕ್ಕ ಮಿಸ್ಸಿಸಾಗದಲ್ಲಿ, ಬಾಡಿಗೆ ಟೌನ್‌ಹೌಸು, ಹಿಂದುಗಡೆ ಚಿಕ್ಕ ಅಂಗಳ, ಬಿಸಿಲು ಚೆನ್ನಾಗಿ ಬೀಳತ್ತೆ. ಊರು ಮಾಗಡಿ ಕಡೆ. ಮಾಗಡಿಯವರಿಗೆ ಅವರೆಕಾಯಿ ಅಂದ್ರೆ ಏನು ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳ್ಬೇಕಾಗಿಲ್ಲ ಅನ್ಕೋತೀನಿ. ಹೋದ ವರ್ಷ ಮೇ ಕೊನೇಲಿ ಬೀಜ ಹಾಕಿದ್ದೆ, ಎಂಥಾ ಬಳ್ಳಿ ಅಂತೀರ, ಬೇಲಿ ದಾಟಿ ಪಕ್ಕದ್ಮನೆ ಪೋರ್ಚುಗೀಸ್ ಅಜ್ಜನ ದ್ರಾಕ್ಷಿ ಚಪ್ಪರಕ್ಕೇ ಹತ್ತಿಬಿಡ್ತು. ಆದ್ರೆ ಜುಲೈ ಹೋಯ್ತು, ಆಗಸ್ಟ್ ಹೋಯ್ತು, ಸೆಪ್ಟೆಂಬರ್ ಹೋಯ್ತು, ಒಂದೇ ಒಂದು ಹೂವಿಲ್ಲ. ಅಕ್ಟೋಬರಲ್ಲಿ ತುದೀಲಿ ಮೊಗ್ಗಿನ ಗೊಂಚಲು ಕಾಣಿಸ್ತು, ಮನೇಲೆಲ್ಲ ಖುಷಿ, ಆ ವಾರನೇ ಒಂದು ರಾತ್ರಿ ಫ್ರಾಸ್ಟ್ ಬಿದ್ದು ಬೆಳಿಗ್ಗೆ ಎದ್ದು ನೋಡಿದ್ರೆ ಪೂರ್ತಿ ಬಳ್ಳಿ ಬೇಯಿಸಿದ ಸೊಪ್ಪಿನ ಥರ ಕಪ್ಪಗೆ ಜೋತುಬಿದ್ದಿತ್ತು.

ನನ್ನ ತಲೆಗೆ ಹೋಗದೇ ಇರೋದು ಏನಂದ್ರೆ, ಅವರೆ ನಮ್ಮೂರಲ್ಲಿ ಚಳಿಗಾಲದ ಬೆಳೆ ತಾನೇ, ಇಬ್ಬನಿ ಬಿದ್ದಷ್ಟೂ ಸೊಗಡು ಜಾಸ್ತಿ ಅಂತಾರೆ, ಹಂಗಿದ್ಮೇಲೆ ಇಲ್ಲಿನ ತಣ್ಣನೆ ಹವಾ ಅದಕ್ಕೆ ಇನ್ನೂ ಒಗ್ಗಬೇಕಿತ್ತಲ್ವಾ? ಗೊಬ್ಬರ ಜಾಸ್ತಿ ಆಯ್ತಾ? ಬೀಜನೇ ಸರಿ ಇಲ್ವಾ?

ಜೊತೆಗೆ ಇನ್ನೆರಡು ಪ್ರಶ್ನೆ. ಹೀರೆಕಾಯಿ ಬಳ್ಳೀಲಿ ಬರೀ ಗಂಡು ಹೂವು, ಕಾಯಿ ಕಚ್ಚೋದೇ ಇಲ್ಲ. ಮತ್ತೆ ಕುಂಡದಲ್ಲಿರೋ ಕರಿಬೇವು ಡಿಸೆಂಬರ್ ಬಂತೂಂದ್ರೆ ಎಲೆ ಎಲ್ಲ ಉದುರಿಸಿಕೊಂಡು ಕಡ್ಡಿ ಆಗತ್ತೆ, ಅಮ್ಮ ಫೋನಲ್ಲಿ ಹುಳಿ ಮಜ್ಜಿಗೆ ಹಾಕು ಅಂತಿರ್ತಾರೆ. ಈ ಸಲ ಏನೇನು ಹಾಕ್ಬಹುದು, ಏನನ್ನ ಕೈಬಿಡಬೇಕು ಅಂತ ಅನುಭವ ಇರೋರು ಹೇಳಿ ಪ್ಲೀಸ್.

ಮಂಡ್ಯ_ಟು_ಚಿಕಾಗೊ:

ಗುರು, ಗೊಬ್ಬರನೂ ಅಲ್ಲ ಬೀಜನೂ ಅಲ್ಲ, ನಿಮ್ಮೂರಲ್ಲಿ ಬೇಸಿಗೆ ಹಗಲು ತೀರಾ ಉದ್ದ, ಅದೇ ಸಮಸ್ಯೆ. ನಾಟಿ ಅವರೆ ಹೂ ಬಿಡ್ಬೇಕು ಅಂದ್ರೆ ರಾತ್ರಿ ಉದ್ದ ಆಗ್ಬೇಕು. ನಮ್ಮ ಕಡೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲಲ್ಲಿ ಮಳೆಗಾಲದಲ್ಲೇ ಬಿತ್ತಿರ್ತಾರೆ, ಅದು ಸುಮ್ನೆ ಬೆಳ್ಕೊಂಡು ಹೋಗ್ತಾ ಇರತ್ತೆ, ಹಗಲು ಹನ್ನೆರಡು ಗಂಟೆಗಿಂತ ಕಮ್ಮಿ ಆದ್ಮೇಲೆ ತಾನೇ ಹೂ ಬಿಟ್ಟು ಡಿಸೆಂಬರ್ ಹೊತ್ತಿಗೆ ಸಂತೆಗೆ ಕಾಯಿ ಬರೋದು. ಬೆಂಗಳೂರು ಇರೋದು 13 ಡಿಗ್ರಿ ಅಕ್ಷಾಂಶದಲ್ಲಿ, ಅಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟಲ್ಲ. ನಿಮ್ಮಲ್ಲಿ ಜೂನ್ ಕೊನೇಲಿ ಹದಿನೈದೂವರೆ ಗಂಟೆ ಹತ್ರ ಹಗಲು. ಹನ್ನೆರಡಕ್ಕೆ ಇಳಿಯೋದು ಸೆಪ್ಟೆಂಬರ್ ಕೊನೇಲಿ, ಮೊಗ್ಗು ಬರೋ ಹೊತ್ತಿಗೆ ಅಕ್ಟೋಬರ್, ಆಗ ಫ್ರಾಸ್ಟ್ ಬಾಗಿಲಲ್ಲಿ ನಿಂತಿರತ್ತೆ, ಹೂವಿಂದ ಕಾಯಿ ಬಲಿಯೋಕೆ ಇನ್ನೂ ಒಂದು ತಿಂಗಳಾದ್ರೂ ಬೇಕಲ್ಲ, ಅದಕ್ಕೆ ಟೈಮ್ ಎಲ್ಲಿದೆ. ಚಳಿಗಾಲದ ಬೆಳೆ ಅಂತ ನಾವು ಅಂದ್ಕೊಳ್ಳೋದು ಸರಿ, ಆದ್ರೆ ನಮ್ಮೂರ ಚಳಿ 14-15 ಡಿಗ್ರಿ, ಸೊನ್ನೆ ಅಂದ್ರೆ ಅವರೆಗೆ ಸಾವು.

ಎರಡು ದಾರಿ ಇದೆ. ಒಂದು, ಹಗಲಿನ ಲೆಕ್ಕ ಇಟ್ಕೊಳ್ಳದೇ ಇರೋ ತಳಿ ಹಾಕೋದು, ಹೆಬ್ಬಾಳ ಅವರೆ ಅಂತ ಇದೆ, ಅದರ ಬಗ್ಗೆ ಗೊತ್ತಿರೋರು ಹೇಳ್ತಾರೆ. ಎರಡನೇದು ನಾನು ಮಾಡೋದು, ಸ್ವಲ್ಪ ಹುಚ್ಚು ಅನ್ಸಬಹುದು. ನಾಟಿ ಬೀಜನೇ ದೊಡ್ಡ ಕುಂಡದಲ್ಲಿ ಹಾಕಿ, ತುದಿ ಚಿವುಟಿ ಚಿವುಟಿ ಗಿಡ್ಡಕ್ಕೆ ಇಡ್ತೀನಿ. ಆಗಸ್ಟ್ ಶುರುವಿಂದ ದಿನಾ ಸಂಜೆ ಆರಕ್ಕೆ ಕುಂಡಗಳನ್ನ ಗ್ಯಾರೇಜ್ ಒಳಗೆ ತಳ್ಳಿ ಬೆಳಿಗ್ಗೆ ಎಂಟಕ್ಕೆ ಆಚೆ ತರೋದು, ಅಂದ್ರೆ ಹದಿನಾಲ್ಕು ಗಂಟೆ ಕತ್ತಲು. ಮೊಗ್ಗು ಗಟ್ಟಿಯಾಗಿ ಕಾಣಿಸೋ ತನಕ ಬಿಡಬಾರದು, ಮೂರ್ನಾಲ್ಕು ವಾರ ಹಿಡಿಯತ್ತೆ. ಕುಂಡದ ಕೆಳಗೆ ಗಾಲಿ ಇರೋ ಸ್ಟ್ಯಾಂಡ್ ಹಾಕ್ಕೊಳ್ಳಿ ಇಲ್ಲಾಂದ್ರೆ ಸೊಂಟ ಹೋಗತ್ತೆ. ಮಧ್ಯರಾತ್ರಿ ಯಾರಾದ್ರೂ ಗ್ಯಾರೇಜ್ ಲೈಟ್ ಹಾಕಿ ಮರೆತ್ರೆ ಆ ದಿನದ ಕೆಲಸ ಕೆಟ್ಟಂಗೆ, ನಮ್ಮನೇಲಿ ಸ್ವಿಚ್ ಮೇಲೆ ಟೇಪ್ ಅಂಟಿಸಿದೀನಿ. ಕ್ರಿಸ್ಮಸ್ಸಿಗೆ ಅಂಗಡೀಲಿ ಕೆಂಪು ಎಲೆ ಪಾಯಿನ್ಸೆಟಿಯಾ ಇಟ್ಟಿರ್ತಾರಲ್ಲ, ಅದನ್ನ ಕೆಂಪು ಮಾಡೋದೂ ನರ್ಸರಿಯವರು ಹಿಂಗೇ ಕತ್ತಲಲ್ಲಿಟ್ಟು.

ಹೀರೆಕಾಯಿಗೂ ಅರ್ಧ ಇದೇ ಕಾಯಿಲೆ. ಹಗಲು ಉದ್ದ, ಸೆಕೆ ಜಾಸ್ತಿ ಅಂದ್ರೆ ಈ ಸೌತೆ ಜಾತಿ ಬಳ್ಳಿಗಳೆಲ್ಲ ಗಂಡು ಹೂವು ಕಡೆಗೇ ವಾಲ್ತವೆ. ಏಪ್ರಿಲ್ ಮಧ್ಯದಲ್ಲೇ ಮನೆ ಒಳಗೆ ಪೇಪರ್ ಕಪ್ಪಲ್ಲಿ ಸಸಿ ಮಾಡ್ಕೊಳ್ಳಿ, ಬೇಗ ಬಿಡೋ ಹೈಬ್ರಿಡ್ ತಗೊಳ್ಳಿ, ಬಳ್ಳಿ ಆಳೆತ್ತರ ಆದಾಗ ತುದಿ ಕತ್ತರಿಸಿ. ಯೂಟ್ಯೂಬಲ್ಲಿ ತ್ರೀಜಿ ಕಟಿಂಗ್ ಅಂತ ತೋರಿಸ್ತಾರಲ್ಲ ಅದೇ, ಪಕ್ಕದ ಕವಲಲ್ಲಿ ಹೆಣ್ಣು ಹೂವು ಬೇಗ ಬರತ್ತೆ. ಇನ್ನೊಂದು, ಹೀರೆ ಹೂವು ಅರಳೋದು ಸಂಜೆ. ಬೆಳಿಗ್ಗೆ ಬರೋ ಜೇನು ನಂಬ್ಕೊಂಡು ಕೂತ್ರೆ ಆಗಲ್ಲ. ಆಫೀಸಿಂದ ಬಂದು ಕಾಫಿ ಕುಡಿದು ಒಂದು ಗಂಡು ಹೂವು ಕಿತ್ತು ದಳ ತೆಗೆದು, ಬುಡದಲ್ಲಿ ಪುಟ್ಟ ಕಾಯಿ ಇರೋ ಹೂವಿಗೆ ಒರೆಸಿ ಬನ್ನಿ. ಸೋರೆಕಾಯಿಗೂ ಹಿಂಗೇ.

ಅಡಿಕೆಪಟ್ಟಿ:

ಪಟೇಲ್ ಅಂಗಡೀಲಿ ಪಾಪಡಿ ಲಿಲ್ವಾ ಅಂತ ಫ್ರೋಜನ್ ಅವರೆಕಾಳು ಸಿಗತ್ತೆ, ಪ್ಯಾಕೆಟ್ ಒಡೆದು ಬಿಸಿನೀರಲ್ಲಿ ಹಾಕಿದ್ರೆ ಸಿಪ್ಪೆ ಬಿಡತ್ತೆ, ಹಿತಕಿದ ಬೇಳೆ ರೆಡಿ. ಕುಂಡನ ದಿನಾ ಸಂಜೆ ಮಲಗಿಸಿ ಬೆಳಿಗ್ಗೆ ಎಬ್ಬಿಸೋದಕ್ಕೆ ಅದೇನು ಕೂಸಾ ಸ್ವಾಮಿ 😄

ಮಂಡ್ಯ_ಟು_ಚಿಕಾಗೊ:

@ಅಡಿಕೆಪಟ್ಟಿ ಫ್ರೋಜನ್ನಲ್ಲಿ ಸೊಗಡು ಇರತ್ತಾ ಹೇಳಿ ನೋಡೋಣ. ಬಿಡಿಸೋವಾಗ ಬೆರಳಿಗೆ ಅಂಟೋ ಜಿಡ್ಡೇ ಇಲ್ದಿದ್ರೆ ಅದು ಬರೀ ಕಾಳು.

ಧಾರವಾಡದಾಕಿ:

ನಾ ಇರೋದು ಮಿನ್ನೆಸೋಟಾ ಅವ್ವಾ, ನಿಮ್ಮ ಟೊರಾಂಟೊ ನಮಗ ದಕ್ಷಿಣ ದೇಶ ಇದ್ದಂಗ. ನಮ್ಮಲ್ಲಿ ಮೇ ಅರ್ಧ ದಾಟೋತನಕ ನೆಲಕ್ಕ ಏನೂ ಹಚ್ಚಂಗಿಲ್ಲ, ಸೆಪ್ಟೆಂಬರ್ ಕಡೀಕ ಎಲ್ಲಾ ಮುಗೀತು. ಮ್ಯಾಲಿನವರು ಹೇಳಿದ್ದು ಖರೇ ಐತಿ, ಆದ್ರ ನಾ ಒಂದ್ ಮಾತ ಹೇಳ್ತೀನಿ ಕೇಳ್ರಿ, ಕಾಯಿ ಬೆನ್ನ ಹತ್ತಬ್ಯಾಡ್ರಿ, ಎಲಿ ತಿನ್ನೂ ಬೆಳಿ ಹಾಕ್ರಿ. ಹೂ ಬಿಡಲಿಲ್ಲ ಅಂದ್ರ ಅವರೆಗೆ ನಷ್ಟ, ಪಲ್ಯೆಕ್ಕ ಲಾಭ! ಪುಂಡಿ ಪಲ್ಯೆ ಹಾಕಿ ನೋಡ್ರಿ, ಅದಕ್ಕೂ ಅವರೆಗತೆ ರಾತ್ರಿ ಉದ್ದ ಬೇಕು ಹೂ ಬಿಡಾಕ, ಇಲ್ಲಿ ಬ್ಯಾಸಗಿ ಪೂರ್ತಿ ಹಗಲು ಉದ್ದ ಇರೂದಕ್ಕ ಅದು ಹೂವಿನ ಮಾತೇ ತಗಿಯಂಗಿಲ್ಲ, ಬರೇ ಎಲಿ ಎಲಿ ಎಲಿ. ಕೊಯ್ದಷ್ಟೂ ಟಿಸಿಲು ಒಡಿತೈತಿ. ಊರಾಗ ಅದು ಹೂ ಬಿಟ್ಟು ಎಲಿ ಒರಟಾಗ್ತಿತ್ತು, ಇಲ್ಲಿ ಆ ಚಿಂತಿ ಇಲ್ಲ. ಜ್ವಾಳದ ನುಚ್ಚ ಹಾಕಿ ಪುಂಡಿ ಪಲ್ಯೆ ಮಾಡಿ, ಬಳ್ಳೊಳ್ಳಿ ಒಗ್ಗರಣಿ ಹಾಕಿ ರೊಟ್ಟಿ ಜೋಡಿ ತಿಂದ್ರ ಮಿನ್ನೆಸೋಟಾನ ಧಾರವಾಡ.

ಬಸಳಿನೂ ಹಂಗ, ಸೆಕಿ ಒಂದ್ ಬೇಕದಕ್ಕ. ಬೀಜ ಒಂದ್ ರಾತ್ರಿ ನೆನಿಸಿ ಹಾಕ್ರಿ, ಇಲ್ಲಂದ್ರ ಎದ್ದು ಬರಾಕ ತಿಂಗಳ ಮಾಡ್ತೈತಿ. ಅಂಗಡ್ಯಾಗ ಬಸಳಿ ಕಟ್ಟು ಸಿಕ್ರ ದಂಟು ನೀರಾಗ ಇಟ್ರೂ ಬೇರು ಬಿಡ್ತೈತಿ. ರಾಜಗಿರಿ ತಿಂಗಳದಾಗ ಕೊಯ್ಲಿಕ್ಕೆ ಬರ್ತೈತಿ. ಮೆಂತ್ಯೆ ಮತ್ತ ಕೊತಂಬ್ರಿ ಮಾತ್ರ ಏಪ್ರಿಲ್ಲಾಗ ಹಾಕ್ರಿ, ಅವಕ್ಕ ಥಂಡಿ ಅಂದ್ರ ಜೀವ, ಜುಲೈದಾಗ ಹಾಕಿದ್ರ ಕೊತಂಬ್ರಿ ನಾಕ್ ಎಲಿ ಬಿಟ್ಟು ಹೂವಿಗೆ ನಿಂತಬಿಡ್ತೈತಿ. ಆಗಸ್ಟ್ ಕಡೀಕ ಮತ್ತೊಂದ್ ಸಲ ಹಾಕಬಹುದು.

ಇನ್ನೊಂದು ಏನಂದ್ರ, ನಿಮ್ಮ ಊರಾಗ ಬ್ಯಾರೆ ದೇಶದಿಂದ ಬಂದ ರೈತ್ರು ಯಾರದಾರ ನೋಡ್ರಿ. ನಮ್ಮಲ್ಲಿ ಸೇಂಟ್ ಪಾಲ್‌ನಾಗ ಹ್ಮಾಂಗ್ ಮಂದಿ ಭಾಳ ಅದಾರ, 1975ರ ನಂತರ ಲಾವೋಸ್ ಬಿಟ್ಟು ಬಂದವ್ರು, ಮಾರ್ಕೆಟ್ಟಿನ್ಯಾಗ ಹಾಗಲಕಾಯಿ, ಗುಂಡಬದ್ನಿಕಾಯಿ, ಕುಂಬಳ ಕುಡಿ ಎಲ್ಲಾ ಇಟ್ಟಿರ್ತಾರ. ಮೇ ತಿಂಗಳದಾಗ ಸಸಿನೂ ಮಾರ್ತಾರ. ಅವ್ರ ಹತ್ರ ಒಂದ್ ಸಸಿ ತಗೊಂಡು ನಾಕ್ ಮಾತ ಆಡಿದ್ರ ಗೂಗಲ್ ಹೇಳಲಾರದ್ದು ಗೊತ್ತಾಕ್ಕೈತಿ, ಅದ ಮಣ್ಣು ಅದ ಥಂಡಿಯಾಗ ಬೆಳದವ್ರು ಅವ್ರು.

ಎಡಿಸನ್_ಕರಿಬೇವು:

ಕರಿಬೇವಿನ ಪ್ರಶ್ನೆ ಯಾರೂ ಮುಟ್ಟಿಲ್ಲ, ನಾನು ಹೇಳ್ತೀನಿ, ನ್ಯೂಜೆರ್ಸಿಲಿ ಒಂದೇ ಗಿಡನ ವರ್ಷಾನುಗಟ್ಟಲೆ ಕುಂಡದಲ್ಲೇ ಇಟ್ಕೊಂಡಿದೀನಿ.

ಮೊದಲು ಒಂದು ಸಮಾಧಾನ, ಎಲೆ ಉದುರಿದ್ರೆ ಸತ್ತಂಗಲ್ಲ. ತಣ್ಣಗಾದಾಗ, ಬೆಳಕು ಕಮ್ಮಿ ಆದಾಗ ಅದು ಮಲಗತ್ತೆ ಅಷ್ಟೆ. ಉಗುರಲ್ಲಿ ಕಾಂಡದ ತೊಗಟೆ ಸ್ವಲ್ಪ ಕೆರೆದು ನೋಡಿ, ಒಳಗೆ ಹಸಿರಿದ್ರೆ ಜೀವ ಇದೆ. ಜನ ಗಿಡ ಕೊಲ್ಲೋದು ಆಗಲೇ, ಅಯ್ಯೋ ಎಲೆ ಹೋಯ್ತು ಅಂತ ನೀರು ಸುರೀತಾರೆ, ಎಲೆ ಇಲ್ಲದ ಗಿಡ ನೀರೆಲ್ಲಿ ಕುಡಿಯತ್ತೆ, ಬೇರು ಕೊಳೆಯತ್ತೆ. ಬೆರಳು ಎರಡು ಗೆಣ್ಣು ಒಳಗೆ ಹೋದಾಗ ಒಣಗಿದ್ರೆ ಮಾತ್ರ ನೀರು, ಗೊಬ್ಬರ ಮಾರ್ಚ್ ತನಕ ಬೇಡವೇ ಬೇಡ. ರಾತ್ರಿ 10 ಡಿಗ್ರಿಗೆ ಇಳಿಯೋಕೆ ಮುಂಚೆ ಒಳಗೆ ತನ್ನಿ, ನಿಮ್ಮಲ್ಲಿ ಅದು ಸೆಪ್ಟೆಂಬರಲ್ಲೇ ಬರತ್ತೆ. ತರೋಕೆ ಮುಂಚೆ ಬಚ್ಚಲಲ್ಲಿ ಶವರ್ ಹಿಡಿದು ಎಲೆ ಅಡಿಭಾಗ ಎಲ್ಲ ತೊಳೀರಿ. ಇಲ್ಲಾಂದ್ರೆ ಹೀಟರ್‌ನ ಒಣ ಗಾಳೀಲಿ ಕೆಂಪು ನುಸಿ ಹತ್ಕೊಂಡು, ಕಾಂಡಕ್ಕೆ ಕಂದು ಚುಕ್ಕೆ ಥರ ಸ್ಕೇಲ್ ಹುಳ ಕೂತು ಎಲೆ ಎಲ್ಲ ಅಂಟಂಟಾಗತ್ತೆ. ಹಳೇ ಟೂತ್‌ಬ್ರಶ್ ಸೋಪು ನೀರಲ್ಲಿ ಅದ್ದಿ ಉಜ್ಜಿದ್ರೆ ಹೋಗತ್ತೆ. ಕಿಟಕಿ ದಕ್ಷಿಣದ್ದೇ ಆಗ್ಬೇಕು, ಇಲ್ಲಾಂದ್ರೆ ಒಂದು ಗ್ರೋ ಲೈಟ್ ಹಾಕಿ. ಅವರೆಗೆ ಕತ್ತಲು ಬೇಕು ಇದಕ್ಕೆ ಬೆಳಕು ಬೇಕು, ಎರಡನ್ನೂ ಒಂದೇ ರೂಮಲ್ಲಿ ಇಡ್ಬೇಡಿ ಮತ್ತೆ.

ಮಜ್ಜಿಗೆ ವಿಷಯ. ಅಮ್ಮಂದಿರ ಜೊತೆ ಜಗಳ ಬೇಡ, ಊರಲ್ಲಿ ನೆಲದಲ್ಲಿರೋ ಗಿಡಕ್ಕೆ ಹಾಕಿದ್ರೆ ಮಣ್ಣು ಜೀರ್ಣಿಸಿಕೊಳ್ಳತ್ತೆ. ಜನವರೀಲಿ ಕಿಟಕಿ ಮುಚ್ಚಿದ ಮನೇಲಿ ಕುಂಡಕ್ಕೆ ಹಾಕಿ ನೋಡಿ, ವಾಸನೆಗೆ ನೀವೇ ಆಚೆ ಹೋಗ್ತೀರ, ಜೊತೆಗೆ ಸಣ್ಣ ನೊಣ ಫ್ರೀ. ಎಲೆ ಹಳದಿ ಆಗಿ ನರ ಮಾತ್ರ ಹಸಿರು ಉಳಿದಿದ್ರೆ ಅದು ಕಬ್ಬಿಣದ ಕೊರತೆ, ಚೀಲೇಟೆಡ್ ಐರನ್ ಅಂತ ಗಾರ್ಡನ್ ಸೆಂಟರಲ್ಲಿ ಸಿಗತ್ತೆ, ಬೇಸಿಗೇಲಿ ಒಂದೆರಡು ಸಲ ಹಾಕಿ ಸಾಕು.

ಗಿಡ ಇಲ್ದೇ ಇರೋರಿಗೆ: ಊರಿಂದ ಬ್ಯಾಗಲ್ಲಿ ಕಡ್ಡಿ, ಗಿಡ, ಹಸಿ ಎಲೆ ತರೋ ಯೋಚನೆ ಬಿಡಿ. ನಿಂಬೆ, ಕಿತ್ತಳೆ ಗಿಡಗಳಿಗೆ ಸಿಟ್ರಸ್ ಗ್ರೀನಿಂಗ್ ಅಂತ ರೋಗ ಹರಡೋ ಸಿಲ್ಲಿಡ್ ಹುಳ ಕರಿಬೇವಿನ ಮೇಲೂ ಬೆಳೆಯತ್ತೆ. ಫ್ಲಾರಿಡಾದಲ್ಲಿ 2005ರಲ್ಲಿ ಆ ರೋಗ ಕಾಣಿಸ್ಕೊಂಡ ಮೇಲೆ ಕಿತ್ತಳೆ ತೋಟಗಳ ಕಥೆ ಏನಾಯ್ತು ಅಂತ ಎಲ್ಲರೂ ನೋಡಿದಾರೆ. ಅಮೆರಿಕಾದಲ್ಲಿ ಕ್ವಾರಂಟೈನ್ ಇರೋ ಜಾಗದಿಂದ ಬೇರೆ ರಾಜ್ಯಕ್ಕೆ ಗಿಡ ಸುಮ್ನೆ ಕಳಿಸೋ ಹಂಗಿಲ್ಲ, ಫ್ರೆಂಡ್ ಮನೆಯಿಂದ ಪಾರ್ಸೆಲ್ ಮಾಡಿಸೋದೂ ಇದರಲ್ಲಿ ಬರತ್ತೆ. ಲೋಕಲ್ ನರ್ಸರಿ ಗಿಡನೇ ತಗೊಳ್ಳಿ. ಹಣ್ಣು ಸಿಕ್ರೆ ಬೀಜ ಒಣಗೋಕೆ ಬಿಡದೇ ತಿರುಳು ತೊಳೆದು ಆಗಲೇ ಹಾಕಿ, ಹಳೇ ಬೀಜ ಹುಟ್ಟಲ್ಲ.

ಹೆಬ್ಬಾಳ_ನಿವೃತ್ತ:

ನಾನು ಬೆಂಗಳೂರಲ್ಲೇ ಇರುವವನು, ಮಗಳು ಕೆನಡಾದಲ್ಲಿದ್ದಾಳೆ, ಅದಕ್ಕೇ ಈ ಚರ್ಚೆ ಕಣ್ಣಿಗೆ ಬಿತ್ತು. ಮೇಲೆ ಕೇಳಿದ ತಳಿಗಳು ಹೆಬ್ಬಾಳ ಅವರೆ-3 ಮತ್ತು ಹೆಬ್ಬಾಳ ಅವರೆ-4, ಎಚ್‌ಎ-3, ಎಚ್‌ಎ-4 ಅಂತಲೂ ಹೇಳ್ತಾರೆ. ಎರಡೂ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಳಿಗಳು. ಹಗಲಿನ ಉದ್ದಕ್ಕೆ ಸ್ಪಂದಿಸದೆ ವರ್ಷದ ಯಾವ ಕಾಲದಲ್ಲಾದರೂ ಹೂ ಬಿಡಲಿ ಅಂತಲೇ ಮಾಡಿದ್ದು. ಬಳ್ಳಿ ಅಲ್ಲ, ಗಿಡ್ಡ ಗಿಡ, ಚಪ್ಪರ ಬೇಡ, ಹೂಗೊಂಚಲು ಎಲೆಗಳ ಮೇಲೆ ಎದ್ದು ನಿಲ್ಲುತ್ತೆ. ಬಿತ್ತಿದ ಎರಡೂವರೆ-ಮೂರು ತಿಂಗಳಲ್ಲಿ ಹಸಿ ಕಾಯಿ ಕೊಯ್ಯಬಹುದು, ಹಾಗಾಗಿ ನಿಮ್ಮ ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ಅವಧಿಯೊಳಗೆ ಕೂರುತ್ತೆ. ಈಗ ಬೆಂಗಳೂರಲ್ಲಿ ಬೇಸಿಗೆಯಲ್ಲೂ ಅವರೆಕಾಯಿ ಸಿಗೋದು ಇಂಥ ತಳಿಗಳಿಂದಲೇ. ಸೊಗಡಿನ ವಿಷಯಕ್ಕೆ ಬಂದರೆ ಮಂಡ್ಯದವರ ಮಾತು ತಳ್ಳಿಹಾಕೋ ಹಾಗಿಲ್ಲ, ಕಾಯಿ ಸಿಪ್ಪೆ ಮೇಲಿನ ಎಣ್ಣೆ ಅಂಶವೇ ಆ ಪರಿಮಳ, ಮಾಗಡಿಯ ನಾಟಿ ಕಾಯಿಯಷ್ಟು ಇವುಗಳಲ್ಲಿ ಬರಲ್ಲ. ಮಾಗಡಿಯವರಿಗೆ ಇದು ಹಿಡಿಸುತ್ತೋ ಇಲ್ಲವೋ.

ಬೀಜ ಜಿಕೆವಿಕೆಯಲ್ಲಿ, ಅಂದರೆ ಆ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ, ಕೇಳಿ ನೋಡಬಹುದು, ನವೆಂಬರ್ ಹೊತ್ತಿಗೆ ನಡೆಯುವ ಕೃಷಿ ಮೇಳದಲ್ಲಿ ಬೀಜದ ಮಳಿಗೆ ಇರುತ್ತೆ. ಆದರೆ ಜೇಬಲ್ಲಿ ಹಾಕಿಕೊಂಡು ವಿಮಾನ ಹತ್ತಬೇಡಿ. ಕೆನಡಾದ ಆಹಾರ ತಪಾಸಣಾ ಸಂಸ್ಥೆಯ ನಿಯಮ ಮೊದಲು ನೋಡಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕಾದರೆ ಮಾಡಿಸಿ, ಬಂದಿಳಿದಾಗ ಡಿಕ್ಲೇರ್ ಮಾಡಿ. ಮಣ್ಣು ಅಂಟಿದ ಏನನ್ನೂ ಒಯ್ಯುವ ಹಾಗೇ ಇಲ್ಲ. ಅಲ್ಲಿನ ಬೀಜದ ಕಂಪನಿಗಳಲ್ಲೂ ಪಾಪಡಿ, ಸೇಮ್, ವಾಲ್ ಅನ್ನುವ ಹೆಸರಲ್ಲಿ ಇದೇ ಜಾತಿ ಸಿಗುತ್ತೆ, ಹಗಲು ಉದ್ದ ಇದ್ದರೂ ಬೇಗ ಹೂ ಬಿಡುತ್ತಾ ಅಂತ ಕೇಳಿಯೇ ಕೊಳ್ಳಿ. ನೇರಳೆ ಹೂ, ನೇರಳೆ ಕಾಯಿಯದು ಅಲಂಕಾರಕ್ಕೆ ಅಂತ ಮಾರುತ್ತಾರೆ, ಅದೂ ಅವರೆಯೇ, ಆದರೆ ಬಲಿತ ಕಾಳನ್ನು ಹಸಿಯಾಗಿ ಬಾಯಿಗೆ ಹಾಕಬೇಡಿ, ಅದರಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಇರುತ್ತೆ.

ಪೊಸಡಿ_ಲೆಸ್ಟರ್:

ನೀವೆಲ್ಲ ಪುಣ್ಯವಂತರು ಮಾರಾಯ್ರೆ, ಟೊರಾಂಟೊದಲ್ಲಿ ಜುಲೈಯಲ್ಲಿ 30 ಡಿಗ್ರಿ ಆದ್ರೂ ಉಂಟು. ಇಲ್ಲಿ ಇಂಗ್ಲೆಂಡಲ್ಲಿ ಫ್ರಾಸ್ಟ್ ಕಮ್ಮಿ, ಆದ್ರೆ ಬೇಸಿಗೆ ಅಂತ ಒಂದು ಬರುದೇ ಇಲ್ಲ, 20-22 ಡಿಗ್ರೀಲಿ ಬೆಂಡೆ, ಹೀರೆ ಎಲ್ಲ ಮುಖ ಊದಿಸಿಕೊಂಡು ನಿಂತಿರ್ತದೆ. ಪಾಲಿಟನಲ್, ಅಂದ್ರೆ ಪ್ಲಾಸ್ಟಿಕ್ ಹೊದಿಸಿದ ಚಪ್ಪರ, ಇಲ್ಲದೆ ಆಗುದಿಲ್ಲ. ತರಕಾರಿ ಬೆಳೀಲಿಕ್ಕೆ ಕೌನ್ಸಿಲ್ ಬಾಡಿಗೆಗೆ ಕೊಡುವ ಅಲಾಟ್‌ಮೆಂಟ್ ಜಾಗ ಸಿಗ್ಲಿಕ್ಕೇ ವರ್ಷಗಟ್ಟಲೆ ವೇಟಿಂಗ್ ಲಿಸ್ಟ್, ಸಿಕ್ಕಿದ ಮೇಲೆ ಅದ್ರ ಅಳತೆ ಇನ್ನೂ ರಾಡ್ ಲೆಕ್ಕದಲ್ಲಿ. ಪೂರ್ತಿ ಪ್ಲಾಟ್ ಅಂದ್ರೆ 10 ರಾಡ್, ಸುಮಾರು 250 ಚದರ ಮೀಟರ್, ಒಬ್ಬರಿಗೆ ಅದು ದಂಡ, ಅರ್ಧ ತಗೊಳ್ಳಿ.

ನಾನು ಬರೆದದ್ದು ಯಾಕೆಂದ್ರೆ, ಹಿತಕಿದ ಬೇಳೆ ಬೇಕಾದ್ರೆ ಅವರೆಯೇ ಆಗ್ಬೇಕು ಅಂತ ಇಲ್ಲ. ಬ್ರಾಡ್ ಬೀನ್ಸ್ ಹಾಕಿ. ಅದು ಚಳಿಗೆ ಒಗ್ಗುವ ಬೆಳೆ, ಇಲ್ಲಿ ನವೆಂಬರಲ್ಲೇ ಬಿತ್ತಿದ್ರೆ ಚಳಿ ಎಲ್ಲ ತಡ್ಕೊಂಡು ಜೂನಿಗೆ ಕಾಯಿ. ನಿಮ್ಮಲ್ಲಿ ಆ ಹಿಮಕ್ಕೆ ಉಳಿಯುದಿಲ್ಲ, ಏಪ್ರಿಲಲ್ಲಿ ಮಣ್ಣು ಕೈಗೆ ಬಂದ ಕೂಡ್ಲೆ ಹಾಕಿ. ಕಾಳು ಒಂದು ನಿಮಿಷ ಕುದಿಯುವ ನೀರಿಗೆ ಹಾಕಿ, ತಣ್ಣೀರಿಗೆ ಹಾಕಿ, ಬೆರಳಲ್ಲಿ ಚಿಮ್ಮಿಸಿದ್ರೆ ಒಳಗಿನ ಹಸಿರು ಬೇಳೆ ಟಣ್ಣಂತ ಹಾರ್ತದೆ, ಥೇಟ್ ಹಿತಕಿದ ಬೇಳೆ. ನನ್ನ ಹೆಂಡತಿ ತುಮಕೂರಿನವಳು, ಅವಳೇ ಒಪ್ಪಿದ್ದಾಳೆ. ಜಿ6ಪಿಡಿ ಕೊರತೆ ಅಂತ ಹುಟ್ಟಿನಿಂದಲೇ ಬರುವ ರಕ್ತದ ತೊಂದರೆ ಇರುವವರು ಮಾತ್ರ ಇದನ್ನು ಮುಟ್ಟಬಾರದು, ರಕ್ತಕಣ ಒಡೀತದೆ, ಮನೆಯಲ್ಲಿ ಯಾರಿಗಾದ್ರೂ ಉಂಟಾ ಅಂತ ಮೊದ್ಲೇ ತಿಳ್ಕೊಳ್ಳಿ.

ಮತ್ತೆ ಕೆಸು. ಅಂಗಡೀಲಿ ಎಡ್ಡೋ ಅಂತ ಪುಟ್ಟ ಗಡ್ಡೆ ಸಿಗ್ತದಲ್ಲ, ಮೊಳಕೆ ಮೂತಿ ಇರುವುದು ನೋಡಿ ತಂದು ಮಾರ್ಚಲ್ಲಿ ಮನೆ ಒಳಗೆ ಕುಂಡಕ್ಕೆ ಹಾಕಿ, ಜೂನಲ್ಲಿ ಹೊರಗೆ ಇಡಿ, ಕೆಳಗೆ ತಟ್ಟೆಯಲ್ಲಿ ನೀರು ನಿಂತ್ರೂ ಅದಕ್ಕೆ ಬೇಜಾರಿಲ್ಲ. ಆಟಿ ತಿಂಗಳಿಗೆ ಪತ್ರೊಡೆಗೆ ಬೇಕಾದಷ್ಟು ಎಲೆ ಬರ್ತದೆ. ಗಾರ್ಡನ್ ಸೆಂಟರಲ್ಲಿ ಎಲಿಫೆಂಟ್ ಇಯರ್ ಅಂತ ಚಂದಕ್ಕೆ ಮಾರುವ ಗಿಡದ್ದು ಮಾತ್ರ ತಿನ್ಬೇಡಿ, ಅದ್ರಲ್ಲಿ ಯಾವ ಜಾತಿ ಅಂತ ಹೇಳ್ಲಿಕ್ಕಾಗುದಿಲ್ಲ. ಹುಣಸೆಹುಳಿ ಚೆನ್ನಾಗಿ ಹಾಕಿ, ಪೂರ್ತಿ ಬೇಯಿಸಿ, ಇಲ್ಲದಿದ್ರೆ ಗಂಟಲು ತುರಿಕೆ.

ಹಿತ್ಲು_ಮಿಸ್ಸಿಸಾಗ:

ಅಬ್ಬಾ, ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರ ಬರತ್ತೆ ಅಂತ ಅಂದ್ಕೊಂಡಿರಲಿಲ್ಲ. ಹಂಗಾದ್ರೆ ಪ್ಲಾನ್ ಹಿಂಗೆ, ಏಪ್ರಿಲಲ್ಲಿ ಬ್ರಾಡ್ ಬೀನ್ಸ್, ಮೆಂತ್ಯ, ಕೊತ್ತಂಬರಿ ನೆಲಕ್ಕೆ, ಹೀರೆ ಸಸಿ ಮನೆ ಒಳಗೆ, ಮೇ ಕೊನೆ ಹತ್ರ ಬರೋ ವಿಕ್ಟೋರಿಯಾ ಡೇ ರಜೆ ಕಳೆದ ಮೇಲೆ ಬಸಳೆ, ಪುಂಡಿ, ಹೆಬ್ಬಾಳ ಅವರೆ ಸಿಕ್ರೆ ಅದು. ನಾಟಿ ಅವರೆ ಎರಡೇ ಕುಂಡ, ಗ್ಯಾರೇಜ್ ಪ್ರಯೋಗಕ್ಕೆ. ನಮ್ಮೆಜಮಾನ್ರು ಕಾರ್ ಎಲ್ಲಿ ನಿಲ್ಸೋದು ಅಂತ ಈಗಲೇ ಶುರು ಮಾಡಿದಾರೆ. @ಹೆಬ್ಬಾಳ_ನಿವೃತ್ತ ಸರ್, ಎಚ್‌ಎ-4 ಬೀಜನ ನಾನೇ ಉಳಿಸ್ಕೊಂಡು ಮುಂದಿನ ವರ್ಷಕ್ಕೆ ಹಾಕ್ಬಹುದಾ? ನಾಟಿ ಜೊತೆ ಬೆರಕೆ ಆಗತ್ತಾ?

ಹೆಬ್ಬಾಳ_ನಿವೃತ್ತ:

ಹೈಬ್ರಿಡ್ ಅಲ್ಲ ತಾಯಿ, ಧಾರಾಳವಾಗಿ ಉಳಿಸಿಕೊಳ್ಳಿ. ಅವರೆ ಬಹುಪಾಲು ತನ್ನ ಹೂವಿನ ಪರಾಗವನ್ನೇ ತಗೊಳ್ಳುತ್ತೆ, ಜೇನು ಬಂದರೆ ಸ್ವಲ್ಪ ಬೆರೆಯಬಹುದು. ಎಚ್‌ಎ-4 ಜುಲೈ-ಆಗಸ್ಟಲ್ಲಿ ಹೂ ಬಿಡುವಾಗ ನಿಮ್ಮ ನಾಟಿ ಇನ್ನೂ ಎಲೆ ಬಿಡುತ್ತಿರುತ್ತೆ, ಹಾಗಾಗಿ ಮೊದಲ ಹೂವಿನ ಕಾಯಿಗಳನ್ನೇ ಬೀಜಕ್ಕೆ ಬಿಡಿ, ತಿನ್ನೋಕೆ ಆಮೇಲಿನವು. ಕಾಯಿ ಗಿಡದಲ್ಲೇ ಒಣಗಬೇಕು, ಸೆಪ್ಟೆಂಬರಲ್ಲಿ ಮಳೆ ಹಿಡಿದರೆ ಗಿಡ ಸಮೇತ ಕಿತ್ತು ಒಳಗೆ ನೇತುಹಾಕಿ.

ಧಾರವಾಡದಾಕಿ:

@ಪೊಸಡಿ_ಲೆಸ್ಟರ್ ಅಣ್ಣಾ, ಕೆಸುವಿನ ಗಡ್ಡಿ ಥಂಡ್ಯಾಗ ಎಲ್ಲಿ ಇಡ್ತೀರಿ? ಪ್ರತಿ ವರ್ಷ ಹೊಸಾವ ತರಬೇಕೇನ?

ಪೊಸಡಿ_ಲೆಸ್ಟರ್:

ಬೇಡ ಅಕ್ಕ. ಮೊದ್ಲ ಫ್ರಾಸ್ಟಿಗೆ ಎಲೆ ಬಾಡಿದ ಕೂಡ್ಲೆ ದಂಟು ಕತ್ತರಿಸಿ, ಗಡ್ಡೆ ಕಿತ್ತು ಒಂದು ವಾರ ನೆರಳಲ್ಲಿ ಒಣಗಿಸಿ, ಒಣ ಕೊಕೊಪೀಟಲ್ಲಿ ಹುಗಿದು ರಟ್ಟಿನ ಪೆಟ್ಟಿಗೆಯಲ್ಲಿಡಿ. ಫ್ರಿಜ್ ಬೇಡ, ಮನೆ ಒಳಗೇ 10-12 ಡಿಗ್ರಿ ಇರುವ ಮೂಲೆ ಸಾಕು, ಮಿನ್ನೆಸೋಟಾದಲ್ಲಾದ್ರೆ ಬೇಸ್‌ಮೆಂಟ್. ತಿಂಗಳಿಗೊಮ್ಮೆ ಕೈಹಾಕಿ ಮೆತ್ತಗಾದದ್ದು ಇದ್ರೆ ಬಿಸಾಡಿ, ಒಂದು ಕೊಳೆತ್ರೆ ಪಕ್ಕದ್ದೂ ಹೋಗ್ತದೆ.